ಮೂರನೇ ಚರಣ

ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಫೆಲ್ಸಿ ಬದಿಯಡ್ಕ ಪೇಟೆಯ ಟೈಪಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋಗದಿದ್ದರೆ, ಕಜೆತಾನ್ ಮಾಷ್ಟ್ರ ರೆಕಾರ್ಡ್ ಪ್ಲೇಯರ್ ಇನ್ನೂ ಹತ್ತು ವರ್ಷ ಸುಖವಾಗಿ ಬಾಳುತ್ತಿತ್ತು.

"ಮಾಷ್ಟ್ರೇ, ಸಂಜೆ ಮಗಳ ರೋಸಿಗೆ ಬರುವಾಗ ನಿಮ್ಮ ಆ ಪ್ಲೇಯರ್ ತರ್ಬೇಕಂತೆ. ಆ ಹಳೇ ರೆಕಾರ್ಡೂ ಬೇಕಂತೆ. ನಾನಲ್ಲ ಹೇಳುದು, ವೆರೊನಿಕಾ."

ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚುವ ರೋಸಿಗೆ ಸಾವಿರ ಕೆಲಸ ಬಾಕಿಯಿತ್ತು. ಫೆಲ್ಸಿ ಅಷ್ಟು ಹೇಳಿ ನೆಕ್ರಾಜೆಯ ಬಸ್ಸಿಗೆ ಓಡಿದಳು. ಮಾಷ್ಟ್ರು ಮಾತ್ರ ಕೈಯಲ್ಲಿದ್ದ ಕಾರ್ಬನ್ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಬಿಳಿ ಅಂಗಿ. ಕ್ಲಾಸು ತೆರೆದ ಹದಿನೈದು ವರ್ಷಗಳಲ್ಲಿ ಅವರು ಮಾಡಿದ ಮೊದಲ ಅಜಾಗರೂಕತೆ ಅದು.

ವೆರೊನಿಕಾ ಫೆಲ್ಸಿಯ ತಂಗಿ. ಈ ಕ್ಲಾಸಿನಲ್ಲೇ, ಕಿಟಕಿಯ ಪಕ್ಕದ ಮೂರನೇ ಯಂತ್ರದಲ್ಲಿ ಟೈಪಿಂಗ್ ಕಲಿತು ಬಹರೈನಿಗೆ ಹೋದವಳು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಇಗರ್ಜಿಯ ಅಂಗಳದಲ್ಲಿ ಕಂಡರೆ "ಹುಷಾರಾ ಮಾಷ್ಟ್ರೇ?" ಎನ್ನುತ್ತಿದ್ದಳು. "ಹುಷಾರು" ಎನ್ನುತ್ತಿದ್ದರು ಮಾಷ್ಟ್ರು. ಅಲ್ಲಿಗೆ ಎರಡು ವರ್ಷದ ಮಾತು ಮುಗಿಯುತ್ತಿತ್ತು. ಅವಳು ಮದುವೆಯಾಗಿರಲಿಲ್ಲ. ಯಾಕೆಂದು ಊರೆಲ್ಲ ಕೇಳಿತ್ತು, ಕಜೆತಾನ್ ಒಬ್ಬರು ಕೇಳಿರಲಿಲ್ಲ. ಅವರಿಗೂ ಮದುವೆಯಾಗಿರಲಿಲ್ಲ. ಅದನ್ನು ಈಗ ಊರೂ ಕೇಳುವುದನ್ನು ಬಿಟ್ಟಿತ್ತು. ಈ ಸಲ ವೆರೊನಿಕಾಳಿಗೆ ಹತ್ತೇ ದಿನದ ರಜೆ. ಮದುವೆಯ ಮರುದಿನ ವಿಮಾನ. ಏನಾದರೂ ಹೇಳುವುದಿದ್ದರೆ ಇವತ್ತೇ ಹೇಳಬೇಕು.

ಪ್ಲೇಯರ್ ಎಂದರೆ ಕಿತ್ತಳೆ ಬಣ್ಣದ, ಹಿಡಿಕೆಯಿರುವ ಒಂದು ಪೆಟ್ಟಿಗೆ. ಮುಚ್ಚಿದರೆ ಸೂಟ್‌ಕೇಸು, ತೆರೆದರೆ ಸಂಗೀತ. ಮಕ್ಕಳ ಬೆರಳು ತಾಳಕ್ಕೆ ಸರಿಯಾಗಿ ಬೀಳಲೆಂದು ಮಾಷ್ಟ್ರು ಅದನ್ನು ಮಂಗಳೂರಿನಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ತಂದಿದ್ದರು. ಜೊತೆಗೆ ಬಂದದ್ದು ಒಂದೇ ಒಂದು ಕೊಂಕಣಿ ರೆಕಾರ್ಡು. ಹಾಡಿದವರ ಹೆಸರು ಅಳಿಸಿ ಹೋಗಿತ್ತು. ಬೇರೆಲ್ಲೂ ಅದು ಯಾರಿಗೂ ಸಿಕ್ಕಿರಲಿಲ್ಲ. ಹಾಡಿನಲ್ಲಿ, ಬೇಲಿಯಾಚೆ ಒಬ್ಬ ಹುಡುಗ ಸುಮ್ಮನೆ ನಿಂತಿದ್ದಾನೆ. ಬಟ್ಟೆ ಒಣಗಿಸುವ ಹುಡುಗಿ ಮೊದಲ ಚರಣದಲ್ಲಿ, ನೀರು ಕುಡಿಯಲು ಬಂದೆಯಾ ಎಂದು ಕೇಳುತ್ತಾಳೆ. ಎರಡನೆಯದರಲ್ಲಿ, ಕಳೆದುಹೋದ ಕೋಳಿ ಹುಡುಕಿಕೊಂಡು ಬಂದೆಯಾ ಎನ್ನುತ್ತಾಳೆ. ಅಷ್ಟರಲ್ಲಿ ಅಭ್ಯಾಸದ ಪುಟ ಮುಗಿಯುತ್ತಿತ್ತು. ಯಂತ್ರಗಳೆಲ್ಲ ಒಟ್ಟಿಗೆ 'ಟಿಂಗ್' ಎನ್ನುತ್ತಿದ್ದವು. ಮಾಷ್ಟ್ರು ಪ್ಲೇಯರಿನ ಮುಳ್ಳನ್ನು ಎತ್ತಿ ಬದಿಗಿಡುತ್ತಿದ್ದರು. ಪುಟ ಮುಗಿದ ಮೇಲೆ ಹಾಡು ಯಾಕೆ, ಸುಮ್ಮನೆ ಮುಳ್ಳು ಸವೆಯುತ್ತದೆ.

ಹೀಗೆ ಹದಿನೈದು ವರ್ಷ ಕೇಳಿ ಕೇಳಿ ಪೇಟೆಗೆ ಪೇಟೆಯೇ ಎರಡು ಚರಣ ಕಲಿತಿತ್ತು. ಕೊಂಕಣಿ ಬಾರದ ಹರಿನಾಥನೂ ತನ್ನ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಅದನ್ನು ಗುನುಗಿ, ಕೋಳಿಯ ಹತ್ತಿರ ಬಂದಾಗ ತಾನೇ "ಟಿಂಗ್" ಎಂದು ನಿಲ್ಲಿಸುತ್ತಿದ್ದ.

ಈಗ ಆ ಪ್ಲೇಯರ್ ರೋಸಿಗೆ ಯಾಕೆ? ಉತ್ತರ ಮಾಷ್ಟ್ರಿಗೆ ಕೂಡಲೇ ಹೊಳೆಯಿತು. ಬಹರೈನಿನ ಯಾವುದೋ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ವೆರೊನಿಕಾ ಹೋದ ವರ್ಷ ಅಕ್ಕನಿಗೆ ಕಳಿಸಿದ್ದಳು. ಅದರಲ್ಲಿ ಟೊಪ್ಪಿ ತಿರುಗಿಸಿ ಹಾಕಿಕೊಂಡ ಒಬ್ಬ ಹುಡುಗ, ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಹ್ವಿಕ್ ಹ್ವಿಕ್ ಎಂದು ತಾಳ ಹೊರಡಿಸುತ್ತಾನೆ. ಅವನ ಹಿಂದೆ ನೀಲಿ ಸೀರೆಯ ವೆರೊನಿಕಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ನಗು ನಾಲ್ಕೇ ಸೆಕೆಂಡು. ಫೆಲ್ಸಿಯ ಮನೆಗೆ ಹಲಸಿನ ಬೀಜ ಕೊಡುವ ನೆಪ, ಕೊಡೆ ಮರೆತ ನೆಪ, ಮರೆಯದ ಕೊಡೆಯನ್ನು ಹುಡುಕುವ ನೆಪ ಎಂದು ಹೋಗಿ ಮಾಷ್ಟ್ರು ಅದನ್ನು ಹನ್ನೊಂದು ಸಲ ನೋಡಿದ್ದರು.

"ಅದೇ ಮಾರಾಯ್ರೆ, ಬೇರೆ ಎಂತ?" ಎಂದ ಹರಿನಾಥ, ವಿಷಯ ಕೇಳಿ. "ಅದಕ್ಕೆ ಸ್ಕ್ರ್ಯಾಚ್ ಅಂತ ಹೆಸರು. ಗಲ್ಫಿನಲ್ಲಿ ನೋಡಿ ಬಂದವರಿಗೆ ಇಲ್ಲಿಯೂ ಬೇಕು ಅಂತ ಆಗ್ತದೆ. ಪ್ಲೇಯರ್ ಕೊಡಿ ಇಲ್ಲಿ."

"ಹಾಳಾಗ್ಲಿಕ್ಕಿಲ್ಲವಾ ಹರಿನಾಥ?"

"ನಾನು ಕೈ ಹಾಕಿದ್ದು ಯಾವಾಗ ಹಾಳಾಗಿದೆ?"

ಮಾಷ್ಟ್ರು ಒಂದೆರಡು ಸಂದರ್ಭ ನೆನಪಿಸಬಹುದಿತ್ತು. ಆದರೆ ಪಾಪ, ಆತ ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ಬಂದಿದ್ದ.

ಮೊದಲು ಮುಚ್ಚಳ ಹೋಯಿತು, ಉಜ್ಜುವಾಗ ಮೊಣಕೈಗೆ ತಾಗುತ್ತದೆ ಎಂದು. ಆಮೇಲೆ ರೆಕಾರ್ಡಿನ ಅಡಿಯ ರಬ್ಬರ್ ಹಾಸು ಹೋಯಿತು. ರಬ್ಬರ್ ಇದ್ದರೆ ಅದು ರೆಕಾರ್ಡನ್ನು ಜಿಗಣೆಯ ಹಾಗೆ ಕಚ್ಚಿ ಹಿಡಿಯುತ್ತದೆ. ಕೆಳಗಿನ ತಟ್ಟೆ ತಿರುಗುತ್ತಿರಬೇಕು, ಮೇಲಿನ ರೆಕಾರ್ಡು ಮಾತ್ರ ಕೈ ಹೇಳಿದಂತೆ ಕೇಳಬೇಕು. ನಡುನಡುವೆ ಶಬ್ದ ಕತ್ತರಿಸಲು ಒಂದು ಸ್ವಿಚ್ಚೂ ಬೇಕಿತ್ತು. ಹರಿನಾಥ ಕ್ಲಾಸಿನ ಬಾಗಿಲಿನ ಕಾಲಿಂಗ್ ಬೆಲ್ಲಿನ ಒತ್ತುಗುಂಡಿಯನ್ನೇ ಕಿತ್ತು ಪ್ಲೇಯರಿಗೆ ಹಚ್ಚಿದ. ಗೋಡೆಯಲ್ಲಿ ಉಳಿದ ಎರಡು ವಯರು ಒಂದನ್ನೊಂದು ಮುಟ್ಟಿಕೊಂಡವು. ಬೆಲ್ಲು ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಪಕ್ಕದ ಹೊಲಿಗೆ ಅಂಗಡಿಯ ಅಮ್ಮಣ್ಣಿ ಕನ್ನಡಕ ಹಣೆಗೇರಿಸಿ ಬಂದಳು. "ಯಾರು ಬಂದದ್ದು ಕಜೆತಾನ, ಇಷ್ಟು ಅವಸರದವರು? ಬಾಗಿಲು ತೆಗೆಯಬಾರ್ದಾ?"

ಅರವತ್ತು ದಾಟಿದ ಅಮ್ಮಣ್ಣಿಗೆ ಪೇಟೆಯಲ್ಲಿ ಎಲ್ಲರೂ ಮಕ್ಕಳೇ. ವಯರು ಬಿಡಿಸಿ, ಸಂಗತಿ ತಿಳಿಸಿದಾಗ ಅವಳು ವೆರೊನಿಕಾ ಎಂಬ ಹೆಸರನ್ನು ಮಾತ್ರ ಕೇಳಿಸಿಕೊಂಡಳು. ಮತ್ತೇನೂ ಕೇಳಲಿಲ್ಲ. ರವಕೆಗೆ ಇಟ್ಟಿದ್ದ ಸಾಟಿನ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಅಂಚು ಹೊಲಿದು, ಮಧ್ಯಾಹ್ನದ ಗಂಜಿಯ ತಿಳಿಯಲ್ಲಿ ಅದ್ದಿ, ಇಸ್ತ್ರಿ ಹಾಕಿ ಹಪ್ಪಳದಂತೆ ಗರಿಗರಿ ಮಾಡಿ ಕೊಟ್ಟಳು. ತಟ್ಟೆಯ ಮೇಲೆ ಸಾಟಿನ್, ಸಾಟಿನ್ ಮೇಲೆ ರೆಕಾರ್ಡು. ಒಂದು ಬೆರಳು ಇಟ್ಟರೆ ನಿಲ್ಲುತ್ತದೆ, ಎತ್ತಿದರೆ ಓಡುತ್ತದೆ.

"ಅಂಗಿ ಬಿಚ್ಚು" ಎಂದಳು ಅಮ್ಮಣ್ಣಿ.

"ಅಂಗಿ ಎಂತಕ್ಕೆ?"

"ಇಸ್ತ್ರಿಪೆಟ್ಟಿಗೆ ಬಿಸಿ ಉಂಟು. ಕಿಸೆಯಲ್ಲಿ ಅದೆಂತ ಮಸಿ? ಹೀಗೆ ಹೋಗುದಾ ನೀನು ಅಲ್ಲಿಗೆ?"

ಮಾಷ್ಟ್ರು ಬನಿಯನ್ನಿನಲ್ಲಿ ಕುಳಿತು ಉಜ್ಜುವ ಅಭ್ಯಾಸ ಶುರುಮಾಡಿದರು. ನಿಮಿಷಕ್ಕೆ ಅರವತ್ತು ಪದ ಹೊಡೆಯುವ ಬೆರಳುಗಳು ಬೇಗ ಕಲಿತವು. ಆದರೆ ಹಿಂದೆ ಎಳೆದಾಗಲೆಲ್ಲ ಮುಳ್ಳು ಮಿಡತೆಯ ಹಾಗೆ ಹಾರುತ್ತಿತ್ತು. ಹರಿನಾಥ ಮುಳ್ಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟ. ಸಾಲಲಿಲ್ಲ. ಒಂದು ಕಬ್ಬಿಣದ ನಟ್ಟು ಸೇರಿಸಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಿಂದ ಸುತ್ತಿದ. ಮುಳ್ಳು ಸವೆದೀತೆಂದು ಹದಿನೈದು ವರ್ಷ ಹಾಡನ್ನು ಅರ್ಧಕ್ಕೆ ನಿಲ್ಲಿಸಿದ ಮಾಷ್ಟ್ರು ಅದನ್ನು ಕಣ್ಣಾರೆ ನೋಡಿಯೂ ಮತ್ತೆ ಉಜ್ಜತೊಡಗಿದರು.

ಒಂದು ಎಚ್ಚರಿಕೆಯನ್ನು ಮಾತ್ರ ಅವರು ಬಿಡಲಿಲ್ಲ. ಮೊದಲ ಎರಡು ಚರಣ ವೆರೊನಿಕಾಳ ಕಿವಿಗೆ ಸೇರಿದ್ದು. ಅವಳ ಬೆರಳುಗಳು ಓಡಿದ್ದು ಅದರ ಮೇಲೆ. ಅಲ್ಲಿಗೆ ಗೀರು ಬೀಳಕೂಡದು.

"ಮತ್ತೆ ಎಲ್ಲಿ ಉಜ್ಜುದು?" ಎಂದ ಹರಿನಾಥ.

"ಕೊನೆಗೆ. ಮೂರನೇ ಚರಣ ಯಾರಿಗೂ ಬೇಡದ್ದಲ್ಲವಾ. ಮೊದಲು ಎರಡು ಚರಣ ಸರಿಯಾಗಿ ಬಿಡುವ, ಮತ್ತೆ ಉಜ್ಜುವ."

ಹಾಗೆ ಹನ್ನೆರಡು ಗಂಟೆಯಿಂದ ನಾಲ್ಕರವರೆಗೆ, ಊಟ ಬಿಟ್ಟು, ಮಾಷ್ಟ್ರು ಮೂರನೇ ಚರಣವನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದರು. ಹ್ವಿಕ್ ಹ್ವಿಕ್, ಗುಂಡಿ ಒತ್ತು, ಹ್ವಿಕ್. ಅಮ್ಮಣ್ಣಿ ಎರಡು ಸಲ ಅವಲಕ್ಕಿ ತಂದಿಟ್ಟಳು, ಎರಡು ಸಲವೂ ಹರಿನಾಥ ತಿಂದ.

ಐದೂವರೆಗೆ ಹರಿನಾಥನ ಜೀಪು ಮೈಕ್ ಸೆಟ್ಟಿನ ಸಮೇತ ನೆಕ್ರಾಜೆಯಲ್ಲಿ ಫೆಲ್ಸಿಯ ಮನೆಯ ಚಪ್ಪರದ ಮುಂದೆ ನಿಂತಿತು. ಮುಚ್ಚಳವಿಲ್ಲದ ಪ್ಲೇಯರನ್ನು ಮಾಷ್ಟ್ರು ದಾರಿಯುದ್ದಕ್ಕೂ ಹಸುಗೂಸಿನಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಅಮ್ಮಣ್ಣಿ ಹಿಂದಿನ ಸೀಟಿನಲ್ಲಿ ಕುಳಿತು, ಧೂಳು ಬೀಳದ ಹಾಗೆ ಸೆರಗನ್ನು ಅದರ ಮೇಲೆ ಚಾಚಿದ್ದಳು.

ವೆರೊನಿಕಾ ಚಪ್ಪರದ ಕಂಬದ ಹತ್ತಿರವೇ ನಿಂತಿದ್ದಳು. ಕೂದಲಲ್ಲಿ ಎರಡು ಬಿಳಿ ಎಳೆ. ಇಬ್ಬರ ಮನೆಮಾತೂ ಕೊಂಕಣಿ, ಆದರೆ ಕ್ಲಾಸಿನ ಭಾಷೆ ಕನ್ನಡವಾಗಿತ್ತು. ಅವಳು ಇನ್ನೂ ಕ್ಲಾಸಿನಲ್ಲೇ ಇದ್ದವಳಂತೆ ಮಾತಾಡಿದಳು.

"ತಂದಿರಾ ಮಾಷ್ಟ್ರೇ? ಮರೆತೀರೋ ಅಂತ ಇತ್ತು."

"ಮರೆಯುದು ಹೇಗೆ" ಎಂದರು ಮಾಷ್ಟ್ರು. ಇದು 'ಹುಷಾರು' ಎನ್ನುವುದಕ್ಕಿಂತ ಒಂದು ಪದ ಹೆಚ್ಚು.

ಅಷ್ಟರಲ್ಲಿ ಫೆಲ್ಸಿ ಬಂದು ಅವರ ಕೈ ಹಿಡಿದೆಳೆದಳು. ಬಂದವರು ಮೊದಲು ಮದುಮಗಳಿಗೆ ರೋಸ್ ಹಚ್ಚಬೇಕು, ಬೇಡ ಎನ್ನುವ ಹಾಗಿಲ್ಲ. ಮಾಷ್ಟ್ರು ಹುಡುಗಿಯ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಬರೆದು, ಬೊಗಸೆ ತೆಂಗಿನ ಹಾಲನ್ನು ತಲೆಗೆ ಸುರಿದು, ಮೊಣಕೈವರೆಗೆ ಜಿಡ್ಡಾಗಿ ಬಂದರು. ಕೈ ಒರೆಸಲು ಬಟ್ಟೆ ಹುಡುಕುವಷ್ಟು ಹೊತ್ತಿರಲಿಲ್ಲ. ಹರಿನಾಥ ಆಗಲೇ ಮೈಕಿನಲ್ಲಿ, ಇನ್ನು ಬಹರೈನ್ ಮಾದರಿಯ ಕಾರ್ಯಕ್ರಮ ಎಂದು ಸಾರಿಬಿಟ್ಟಿದ್ದ.

ಮಾಷ್ಟ್ರು ಮುಳ್ಳನ್ನು ಇಟ್ಟರು. ಮೊದಲ ಚರಣ ಹೊರಬಿತ್ತು. ಚಪ್ಪರವೇ ಎದ್ದು ಜೊತೆಗೆ ಹಾಡಿತು. ಅವರಲ್ಲಿ ಅರ್ಧ ಜನ ಅದೇ ಕ್ಲಾಸಿನಲ್ಲಿ ಕಲಿತವರು, ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಓಡುತ್ತಿದ್ದವು. ವೆರೊನಿಕಾ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೇ ಚರಣ ಮುಗಿಯುತ್ತ ಬಂದಾಗ ಅವಳು ಕಣ್ಣು ತೆರೆದು ಕೈ ಎತ್ತಿ, ಎಲ್ಲರನ್ನೂ ಸುಮ್ಮನಾಗಿಸಿ, ಪ್ಲೇಯರಿನ ಹತ್ತಿರ ಒಂದು ಹೆಜ್ಜೆ ಬಂದಳು.

ಇದೇ ಸೂಚನೆ ಎಂದುಕೊಂಡ ಮಾಷ್ಟ್ರು ಎಡಗೈ ಗುಂಡಿಗೆ ಕೊಟ್ಟು, ಬಲಗೈಯಿಂದ ಉಜ್ಜಿದರು.

ಹ್ವಿಕ್. ಎಣ್ಣೆಯ ಬೆರಳು ಜಾರಿತು. ಹ್ವಿಕ್ಕ್ ಹ್ವಿಯ್ಯಾಂ. ಬಾವಿಯ ರಾಟೆಗೆ ಬೆಕ್ಕು ಸಿಕ್ಕಿಕೊಂಡಂಥ ಶಬ್ದ ಮೈಕ್ ಸೆಟ್ಟಿನ ಎರಡು ಹಾರ್ನಿನಲ್ಲಿ ನೆಕ್ರಾಜೆಯ ಗುಡ್ಡಕ್ಕೆ ಬಡಿದು ಹಿಂದೆ ಬಂತು. ಮಾಷ್ಟ್ರು ಬಿಡಲಿಲ್ಲ. ಕಣ್ಣೆತ್ತಿ ನಗುವನ್ನು ಹುಡುಕಿದರು. ನೀಲಿ ಸೀರೆಯ ನಾಲ್ಕು ಸೆಕೆಂಡು.

ರೆಕಾರ್ಡು ಸಿಕ್ಕಿಕೊಂಡರೆ ಹತ್ತಿರವಿದ್ದವರು ಬಿಡಿಸಬೇಕು. ಅದು ಊರಿನ ಮರ್ಯಾದೆ. ಫೆಲ್ಸಿಯ ಮುದಿ ಮಾವ ರುಡಾಲ್ಫಾಮ್ ಕೋಲೂರಿಕೊಂಡು ಬಂದು, ಬಹಳ ಮೆಲ್ಲಗೆ, ನೊಂದ ಹಕ್ಕಿಯನ್ನು ಎತ್ತುವಂತೆ ಮುಳ್ಳನ್ನು ಎತ್ತಿದರು. "ಪಾಪ, ಹಳೇದಾಯಿತು" ಎಂದು ಮಾಷ್ಟ್ರ ಭುಜ ತಟ್ಟಿದರು. ಯಾರೋ ಒಬ್ಬರು ನಿಂಬೆ ಶರಬತ್ತು ತಂದುಕೊಟ್ಟರು.

ವೆರೊನಿಕಾ ನಗುತ್ತಿರಲಿಲ್ಲ.

"ಎಂತಾಯಿತು ಮಾಷ್ಟ್ರೇ? ಸರಿಯಾಗಿ ಅಲ್ಲಿಗೇ ಬಂದು ನಿಂತಿತಲ್ಲ." ಅವಳು ತನ್ನ ಕರವಸ್ತ್ರ ತೆಗೆದು ರೆಕಾರ್ಡಿನ ಎಣ್ಣೆ ಒರೆಸತೊಡಗಿದಳು. "ಒಮ್ಮೆ ಅದನ್ನು ಪೂರ್ತಿ ಕೇಳ್ಬೇಕು ಅಂತಲೇ ತರ್ಲಿಕ್ಕೆ ಹೇಳಿದ್ದು ನಾನು. ಕ್ಲಾಸಿನಲ್ಲಿ ನೀವು ಯಾವಾಗಲೂ ಕೋಳಿಯಲ್ಲಿ ನಿಲ್ಲಿಸ್ತಿದ್ರಿ. ಅವ ಬೇಲಿಯ ಹತ್ರ ಎಂತಕ್ಕೆ ಬಂದದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಆಫೀಸಿನಲ್ಲಿ ಕೂತು ಟೈಪ್ ಮಾಡುವಾಗ ಎಷ್ಟು ಸಲ ಗ್ರಹಿಸಿದ್ದೇನೆ, ಅವ ಕೊನೆಗೆ ಎಂತ ಹೇಳಿರಬಹುದು ಅಂತ."

ಮಾಷ್ಟ್ರ ಕೈಯ ಶರಬತ್ತು ಹಾಗೆಯೇ ಉಳಿಯಿತು. ಅವಳು ಒರೆಸಿದ ರೆಕಾರ್ಡಿನ ಮೇಲೆ ಹರಿನಾಥ ಮುಳ್ಳನ್ನು ತಾನೇ ಇಟ್ಟ. ಹಾಡಿನ ಹುಡುಗಿ ನೀರಿನ ಮಾತು ಕೇಳಿದಳು, ಕೋಳಿಯ ಮಾತು ಕೇಳಿದಳು. ಆಮೇಲೆ ಹಂಚಿನ ಮೇಲೆ ಮಳೆ ಬಿದ್ದಂಥ ಸದ್ದು, ಬರೀ ಜರ್ರ್ ಎಂದು, ಲೇಬಲಿನವರೆಗೆ. ನಾಲ್ಕು ಗಂಟೆಯ ಅಭ್ಯಾಸ ಹುಡುಗನ ಮಾತನ್ನು ಬುಡಸಮೇತ ತೆಗೆದುಹಾಕಿತ್ತು.

"ಹೋಯಿತಾ" ಎಂದಳು ವೆರೊನಿಕಾ. ಕರವಸ್ತ್ರವನ್ನು ಮಡಚಿಕೊಂಡು, "ಪರವಾಗಿಲ್ಲ. ರೆಕಾರ್ಡು ನಿಮ್ಮದೇ ಅಲ್ವಾ, ನಿಮಗೆ ಗೊತ್ತಿರ್ತದೆ. ಬಾಯಲ್ಲಿ ಹೇಳಿದರೂ ಸಾಕು ಮಾಷ್ಟ್ರೇ."

ಕಜೆತಾನ್ ನೆನಪಿಸಿಕೊಳ್ಳಲು ನೋಡಿದರು. ಇವತ್ತಿಡೀ ಆ ಚರಣದ ಮೇಲೆ ಕೈಯಾಡಿಸಿದ್ದರು, ಆದರೆ ಕಿವಿ ತಾಳವನ್ನಷ್ಟೇ ಕೇಳಿತ್ತು.

"ನಾನೂ ಕೇಳಿಲ್ಲ, ವೆರೊನಿಕಾ."

"ಹದಿನೈದು ವರ್ಷ ನಿಮ್ಮ ಹತ್ರವೇ ಇತ್ತಲ್ಲ?"

"ಮುಳ್ಳು ಸವೆಯುತ್ತದೆ ಅಂತ ನಿಲ್ಲಿಸ್ತಿದ್ದೆ."

ಆಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾಲ್ಕು ಸೆಕೆಂಡಿಗಿಂತ ಹೆಚ್ಚೇ ಇತ್ತು. ಕಣ್ಣಲ್ಲಿ ನೀರೂ ಇತ್ತು.

ಚಪ್ಪರ ಬಿಕೋ ಎನ್ನಬಾರದೆಂದು ಅಮ್ಮಣ್ಣಿ ತನ್ನಷ್ಟಕ್ಕೆ ಹಾಡು ಎತ್ತಿಕೊಂಡಳು, ಭಾಷೆ ಬಾರದಿದ್ದರೂ. ಎಲ್ಲರೂ ಸೇರಿಕೊಂಡರು. ವೆರೊನಿಕಾಳೂ ಹಾಡಿದಳು, ಮಾಷ್ಟ್ರ ಎದುರೇ ನಿಂತು. ನೀರು ಕುಡಿಯಲು ಬಂದೆಯಾ. ಕೋಳಿ ಹುಡುಕಿಕೊಂಡು ಬಂದೆಯಾ. ಎರಡನೇ ಚರಣ ಮುಗಿಯಿತು. ಹಾಡು ನಿಂತಿತು. ಅವಳು ಮಾತ್ರ ಹೋಗಲಿಲ್ಲ. ಕರವಸ್ತ್ರವನ್ನು ಕೈಯಲ್ಲಿ ಹಿಡಿದು, ಮಾಷ್ಟ್ರ ಮುಖ ನೋಡುತ್ತ, ಒಂದು ಉಸಿರಿನಷ್ಟು ಹೊತ್ತು ಕಾದಳು.

ಹದಿನೈದು ವರ್ಷದ ಮಾತು ಕಜೆತಾನರ ಗಂಟಲವರೆಗೆ ಬಂತು. ಅವರು ತುಟಿ ಒದ್ದೆ ಮಾಡಿಕೊಂಡು ಬಾಯಿ ತೆರೆದರು.

ಹರಿನಾಥ ಒಳ್ಳೆಯವನು. ಪಾಪ, ಮಾಷ್ಟ್ರು ನಾಲ್ಕು ಜನರೆದುರು ಏನೂ ತೋಚದೆ ನಾಚಿಕೊಂಡಿದ್ದಾರೆ ಎಂದುಕೊಂಡ. ಸ್ನೇಹಿತನನ್ನು ಪಾರುಮಾಡಲೆಂದು ಮೈಕನ್ನು ಬಾಯಿಗೆ ಹಿಡಿದು, ಗುಡ್ಡಕ್ಕೆ ಕೇಳುವ ಹಾಗೆ ಹೇಳಿದ:

"ಟಿಂಗ್."

ಚಪ್ಪರವೆಲ್ಲ ಹೋ ಎಂದು ನಕ್ಕಿತು. ಒಳಗಿನಿಂದ ಫೆಲ್ಸಿ ಕೂಗಿದಳು, ವೆರೊನಿಕಾಳೂ ನಗುತ್ತ ಕಣ್ಣೊರೆಸುತ್ತ ಒಳಗೆ ಹೋದಳು. ಮಾಷ್ಟ್ರು ತೆರೆದ ಬಾಯಿಯನ್ನು ಮುಚ್ಚಿ, ಹಳೆಯ ಅಭ್ಯಾಸದಂತೆ ಮುಳ್ಳನ್ನು ಎತ್ತಿ ಬದಿಗಿಟ್ಟರು.