ಕಾಪರ್-ಟಿಗೆ ಕುಟುಂಬದ ಮಂಜೂರಾತಿ

ಹೆರಿಗೆ ವಾರ್ಡಿನಲ್ಲಿ ಹೆರುವವಳೊಬ್ಬಳನ್ನು ಬಿಟ್ಟು ಉಳಿದೆಲ್ಲರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಫರೀದಾಬಾದಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನಾನು ಇದನ್ನು ದಿನವೂ ನೋಡುತ್ತೇನೆ. ಆದರೆ ಒಂದು ಕನ್ನಡದ ಕುಟುಂಬ ಅದನ್ನು ಶಾಸ್ತ್ರೋಕ್ತವಾಗಿ ನಡೆಸಿಕೊಟ್ಟಿತು.

ಮೇಲಿನವರು

ಎಂಟು ತಿಂಗಳ ಬಸುರಿ ಸೊಸೆ ಮೊದಲೇ ಹೇಳಿದ್ದಳು: "ಡಾಕ್ಟ್ರೇ, ಎರಡು ಮಕ್ಕಳು ಸಾಕು. ನಾನು ಕೆಲಸಕ್ಕೆ ವಾಪಸ್ ಹೋಗಬೇಕು. ಹೆರಿಗೆಯಾದ ಕೂಡಲೇ ಅಲ್ಲೇ ಕಾಪರ್-ಟಿ ಹಾಕಿಬಿಡಿ. ಮನೆ ಸೇರಿದರೆ ಮತ್ತೆ ಇಲ್ಲಿಗೆ ಬರೋಕೆ ಬಿಡಲ್ಲ."

ಪಕ್ಕದಲ್ಲಿದ್ದ ಗಂಡ ಕೇಂದ್ರ ಸರ್ಕಾರದ ಅಧಿಕಾರಿ. "ನನ್ನದೇನೂ ಅಭ್ಯಂತರವಿಲ್ಲ. ಮೇಲಿನವರ ಒಪ್ಪಿಗೆ ಬೇಕು," ಎಂದರು.

"ಮೇಲಿನವರು ಅಂದರೆ?"

"ಅಮ್ಮ."

ಕಾನೂನಿನ ಪ್ರಕಾರ ಹೆಂಡತಿಯ ಒಪ್ಪಿಗೆಯೊಂದೇ ಸಾಕು ಎಂದೆ. ಕಾನೂನನ್ನು ಹತ್ತಿರದಿಂದ ಕಂಡವರಿಗಷ್ಟೇ ಬರುವ ಮರುಕದಿಂದ ನನ್ನನ್ನು ನೋಡಿದರು.

ತಜ್ಞರ ಸಲಹೆ

ಮರುವಾರ ಅತ್ತೆಯವರೇ ಬಂದರು. "ಅದು ಮೇಲೆ ಹತ್ತಿ ಎದೆಗೆ ಹೋಗತ್ತಂತೆ!"

ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲವೆಂದು ಚಿತ್ರ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದು ಮೆಚ್ಚಿಕೊಂಡರು, ಒಪ್ಪಲಿಲ್ಲ.

"ನಿಮಗೆ ಇದನ್ನು ಹೇಳಿದ್ದು ಯಾರು?"

"ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು. ಬಹಳ ತಿಳಿದವರು."

"ಹಾಕಿಸಿಕೊಂಡು ಅನುಭವ ಇದೆಯಾ ಅವರಿಗೆ?"

"ಅವರು ರಿಟೈರ್ಡ್ ಕರ್ನಲ್."

ತೀರ್ಮಾನ

ಹೆರಿಗೆ ಸುಸೂತ್ರವಾಯಿತು, ಎರಡನೆಯದೂ ಹೆಣ್ಣು. ಹೊರಗೆ ಸುದ್ದಿ ತಿಳಿದದ್ದೇ ತಡ, ಕಾರಿಡಾರಿನಲ್ಲಿ ವಿಡಿಯೋ ಕಾಲ್ ಸಭೆ ಸೇರಿತು. ನೋಯ್ಡಾದಿಂದ ಮೈದುನ, ದಾವಣಗೆರೆಯಿಂದ ಸೋದರತ್ತೆ, ಅಧ್ಯಕ್ಷತೆ ಅತ್ತೆಯವರದು. ಮಗು ಯಾರ ಹಾಗಿದೆ ಎಂಬ ವಿಷಯವನ್ನು ಮುಂದಕ್ಕೆ ಹಾಕಿ, ಗಂಡುಮಗುವಿನ ವಿಷಯವನ್ನು ಮೊದಲು ಎತ್ತಿಕೊಂಡರು.

ಒಳಗೆ, ಮಾಸು ಬಿದ್ದ ಮೇಲೆ, ಸೊಸೆಯನ್ನು ಇನ್ನೊಮ್ಮೆ ಕೇಳಿದೆ. "ಹಾಕಿ ಅಂದೆನಲ್ಲ ಡಾಕ್ಟ್ರೇ! ಅವರ ಸಭೆ ಮುಗಿಯೋಕೆ ಮೊದಲೇ ಹಾಕಿ." ಹಾಕಿದೆ. ಹೊರಗೆ ಅಷ್ಟು ಹೊತ್ತಿಗೆ ಸೋದರತ್ತೆಯ ಪೀಠಿಕೆಯೇ ಮುಗಿದಿರಲಿಲ್ಲ.

ಆಮೇಲೆ ಸ್ಟ್ರೆಚರ್ ಹೊರಗೆ ಬಂತು. ಅತ್ತೆ ಫೋನನ್ನು ಎತ್ತಿ ಹಿಡಿದು, ಎಲ್ಲರಿಗೂ ಕಾಣುವಂತೆ ಘೋಷಿಸಿದರು: "ನೋಡಮ್ಮ, ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದೀವಿ. ನೀನು ಕಾಪರ್-ಟಿ ಹಾಕಿಸಿಕೊಳ್ಳಕೂಡದು."

ಗಂಡ ನನ್ನ ಮುಖ ನೋಡಿದರು. ಹೇಳುವ ಹಕ್ಕು ನನ್ನದಲ್ಲ. ನಾನು ಗೋಡೆ ನೋಡಿದೆ.

ಸೊಸೆ ಮಗುವಿನ ಕುಲಾವಿ ಸರಿಮಾಡಿ, ಬಹಳ ವಿನಯದಿಂದ ಹೇಳಿದಳು: "ಆಯ್ತು ಅತ್ತೆ. ಇನ್ನೊಂದು ಕಾಪರ್-ಟಿ ಹಾಕಿಸಿಕೊಳ್ಳಲ್ಲ."