ಒಂಬತ್ತನೇ ನಂಬರಿನ ಪ್ರಿಂಟರು

ಎಂಟು ಶನಿಯ ಸಂಖ್ಯೆ ಎಂದು ಶಕುಂತಲಮ್ಮ ಬಾಯಿ ಹಾಕದೇ ಹೋಗಿದ್ದರೆ ನಿರಂಜನ ಅವತ್ತು ಮಧ್ಯಾಹ್ನದ ಊಟವನ್ನಾದರೂ ನೆಮ್ಮದಿಯಾಗಿ ಮಾಡುತ್ತಿದ್ದ.

ನಿರಂಜನ ಒಂದು ಪತ್ತಿನ ಸಹಕಾರ ಸಂಘದ ಭದ್ರಾವತಿ ಶಾಖೆಯಲ್ಲಿ ಕಂಪ್ಯೂಟರ್ ಆಪರೇಟರ್. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. 'ಮುಂದಿನ ವರ್ಷ ಖಾಯಂ ಮಾಡೋಣ' ಎಂದು ಹೇಳಿ ಹೇಳಿ ಆಡಳಿತ ಮಂಡಳಿಯವರ ತಲೆ ನರೆತಿತ್ತು, ಕೇಳಿ ಕೇಳಿ ಇವನ ತಲೆಯೂ ನರೆಯತೊಡಗಿತ್ತು. ಕಡೆಗೂ ಅವತ್ತು ಮೂರು ಗಂಟೆಗೆ ಶಿವಮೊಗ್ಗದ ಮುಖ್ಯ ಕಚೇರಿಯಲ್ಲಿ ಸಭೆ. ಖಾಯಂ ಹುದ್ದೆ ಇದ್ದದ್ದು ಒಂದೇ. ಅದು ಇವನಿಗೇ ಎಂದು ಎಲ್ಲರೂ ಹೇಳುತ್ತಿದ್ದರು, ಪಾಪ, ಇವನೂ ನಂಬಿದ್ದ.

ಅದೇ ಹೊತ್ತಿಗೆ ಶಾಖೆಗೆ ಹೊಸ ಪ್ರಿಂಟರ್ ಬಂದು ಕೂತಿತ್ತು. ನೆಟ್‌ವರ್ಕ್ ಪ್ರಿಂಟರ್! ಯಾವ ಟೇಬಲ್ಲಿನಿಂದ ಒತ್ತಿದರೂ ಕಾಗದ ಅಲ್ಲಿ ಬರಬೇಕು. ಹಿಂದಿನ ಸಂಜೆ ಶಿವಮೊಗ್ಗದಿಂದ ಬಂದವನು ಅದರ ವೈರು ಚುಚ್ಚಿ, "ಇದಕ್ಕೂ ಮನೆ ನಂಬರ್ ಇದ್ದ ಹಾಗೆ ಒಂದು ನಂಬರ್ ಇರುತ್ತೆ. ಕೊನೆಯಲ್ಲಿ ಎಂಟು ಹಾಕ್ಕೊಳಿ" ಎಂದು ಹೇಳಿ ಬಸ್ಸು ಹತ್ತಿದ್ದ.

ಬೆಳಿಗ್ಗೆ ಮ್ಯಾನೇಜರ್ ವಿಜಯೇಂದ್ರ ಬಂದವರೇ ಷರತ್ತು ಹಾಕಿದರು.

"ನೋಡು ನಿರಂಜನ, ಮಧ್ಯಾಹ್ನ ನಾನು ಮೀಟಿಂಗಿಗೆ ಹೊರಡ್ತೀನಿ. ಅಷ್ಟರೊಳಗೆ ಇದು ಓಡ್ಬೇಕು. ಓಡ್ಸಿದ್ರೆ ನಿನ್ನ ಹೆಸರು ನಾನೇ ಎತ್ತಿ ಹಿಡೀತೀನಿ. ಇಲ್ಲಾಂದ್ರೆ ಯಾವ ಮುಖ ಇಟ್ಕೊಂಡು ಹೇಳ್ಲಿ ಮಾರಾಯ?"

ಹಿರಿಯ ಗುಮಾಸ್ತೆ ಶಕುಂತಲಮ್ಮ ಪೂಜೆಯಾಗದೆ ಯಂತ್ರ ಮುಟ್ಟಬಾರದೆಂದು ತಡೆದರು. ಮೂರೆಳೆ ವಿಭೂತಿ ಬಳಿದು, ಕುಂಕುಮ ಇಟ್ಟು, ತಲೆಯ ಮೇಲೆ ದಾಸವಾಳ ಏರಿಸಿದರು. ವಿಭೂತಿ ಕಾಗದದ ಟ್ರೇಗೆ ಉದುರಿತು. ಅದನ್ನು ಉಫ್ ಎಂದು ಊದಲು ಹೋದ ನಿರಂಜನನ ಕಣ್ಣಿಗೇ ಅದು ಹಾರಿತು. ಅವನು ಕಣ್ಣುಜ್ಜಿಕೊಳ್ಳುತ್ತಿರುವಾಗ ಎಂಟರ ಮಾತು ಬಂತು.

"ಎಂಟಾ? ಅಯ್ಯೋ ಶಿವನೇ, ಶನಿ ನಂಬರ್ ಅಲ್ವಾ ಅದು! ಒಳ್ಳೆ ದಿನ ನೋಡ್ಕೊಂಡು ಶನಿನ ಮನೆಗೆ ಕರೀತೀಯಲ್ಲೋ" ಎಂದರು ಶಕುಂತಲಮ್ಮ.

ಮ್ಯಾನೇಜರರ ಮುಖ ಸಣ್ಣಗಾಯಿತು. "ನಾನು ಹುಟ್ಟಿದ್ದು ಹದಿನೆಂಟನೇ ತಾರೀಖು. ಕೂಡಿದ್ರೆ ಒಂಬತ್ತು. ಕಾರಿನ ನಂಬರ್ ಕೂಡಿದ್ರೂ ಒಂಬತ್ತೇ. ನೀನು ಒಂಬತ್ತು ಹಾಕು."

"ಸಾರ್, ನಂಬರ್ ಹಾಗೆಲ್ಲ ಬದಲಾಯಿಸೋ ಹಾಗಿಲ್ಲ. ಒಂಬತ್ತು ಬೇರೆ ಯಾವುದಕ್ಕಾದ್ರೂ ಕೊಟ್ಟಿದ್ರೆ?"

"ಇಲ್ಲಿ ಇನ್ಯಾವ ಪ್ರಿಂಟರ್ ಇದೆ, ತೋರ್ಸು! ಹೇಳಿದಷ್ಟು ಮಾಡು."

ಖಾಯಂ ಆಗಬೇಕಾದವನು ವಾದ ಮಾಡುವುದುಂಟೇ? ಪ್ರಿಂಟರಿನ ಗುಂಡಿ ಒತ್ತಿ ಎಂಟನ್ನು ಒಂಬತ್ತು ಮಾಡಿದ.

ಅಸಲಿ ಗ್ರಹಚಾರ ಕಂಪ್ಯೂಟರುಗಳದ್ದಾಗಿತ್ತು. ಶಾಖೆಯ ಅಷ್ಟೂ ಕಂಪ್ಯೂಟರುಗಳಲ್ಲಿ ಇನ್ನೂ ಹಳೇ ವಿಂಡೋಸ್ ಎಕ್ಸ್‌ಪಿ. ಸಂಘದ ಲೆಕ್ಕದ ಸಾಫ್ಟ್‌ವೇರು ಅದರ ಮೇಲೆ ಬಿಟ್ಟು ಬೇರೆ ಯಾವುದರ ಮೇಲೂ ಓಡುತ್ತಿರಲಿಲ್ಲ. ಹೊಸ ಪ್ರಿಂಟರಿಗೋ ಎಕ್ಸ್‌ಪಿ ಎಂಬುದೊಂದು ಭೂಮಿಯ ಮೇಲೆ ಇತ್ತೆಂಬುದೇ ಗೊತ್ತಿಲ್ಲ. ಇಬ್ಬರ ನಡುವೆ ಮಾತುಕತೆ ನಡೆಸುವ ಡ್ರೈವರ್ ಅದರ ಜೊತೆ ಬಂದೇ ಇರಲಿಲ್ಲ. ಆ ಲೆಕ್ಕದ ಸಾಫ್ಟ್‌ವೇರು ಬರೆದ ದುಷ್ಯಂತ್ ಈಗ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ದಾರಿಯಲ್ಲಿ ಹೋಟೆಲ್ ಇಟ್ಟಿದ್ದ. ನಿರಂಜನ ಅವನಿಗೆ ಫೋನ್ ಮಾಡಿದ.

"ಡ್ರೈವರಾ? ನಮ್ಗೂ ಒಬ್ಬ ಬೇಕಾಗಿದ್ದಾನೆ ಕಣೋ, ಪಾರ್ಸೆಲ್ ಕೊಡೋಕೆ" ಎಂದು ನಕ್ಕು ದುಷ್ಯಂತ್ ಫೋನ್ ಇಟ್ಟ.

ನಿರಂಜನ ಅದೇ ಕಂಪನಿಯ ಯಾವುದೋ ಹಳೇ ಪ್ರಿಂಟರಿನ ಡ್ರೈವರ್ ಹುಡುಕಿ ತಂದು, ಹೊಸದಕ್ಕೆ ಹಳೆಯದರ ಹೆಸರು ಕಟ್ಟಿ ಕಂಪ್ಯೂಟರನ್ನು ನಂಬಿಸಿ, ಎಲ್ಲವನ್ನೂ ಒಂಬತ್ತನೇ ನಂಬರಿಗೆ ಕಳಿಸುವಂತೆ ಮಾಡಿದ. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. 'ಶ್ರೀ ಗಣೇಶಾಯ ನಮಃ' ಎಂದು ಟೈಪ್ ಮಾಡಿ ಪ್ರಿಂಟ್ ಒತ್ತಿದ. ಪರದೆಯ ಮೇಲೆ 'ಮುದ್ರಿಸುತ್ತಿದೆ' ಎಂಬಂತೆ ತೋರಿಸಿತು. ಪ್ರಿಂಟರು ಮಾತ್ರ ದಾಸವಾಳ ಮುಡಿದುಕೊಂಡು ಸುಮ್ಮನೆ ಕೂತಿತ್ತು.

"ನೀನು ಒತ್ತೋದು ಸರಿಯಿಲ್ಲ, ಆ ಕಡೆ ಸರಿ" ಎಂದು ಶಕುಂತಲಮ್ಮ ಬಂದು ತಮ್ಮ ಲಲಿತಾ ಸಹಸ್ರನಾಮ ತೆಗೆದು ಪ್ರಿಂಟ್ ಒತ್ತಿದರು. ಬರಲಿಲ್ಲ. ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ದೇವಿಗೂ ಮನಸ್ಸಿದ್ದಂತೆ ಕಾಣಲಿಲ್ಲ.

ವಿಜಯೇಂದ್ರ ಕಾರಿನ ಕೀ ತಿರುಗಿಸುತ್ತಾ ಎದ್ದರು. "ಹನ್ನೊಂದು ವರ್ಷ ಇದ್ದು ಒಂದು ಕಾಗದ ತೆಗೆಯೋಕೆ ಬರಲ್ಲ ನಿಂಗೆ. ಇಂಥೋನಿಗೆ ಖಾಯಂ ಬೇರೆ ಕೇಡು!" ಎಂದು ಗ್ರಾಹಕರ ಎದುರಿಗೇ ಹೇಳಿ ಹೊರಟುಹೋದರು.

ನಿರಂಜನನಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಿಂದ ಒಂದು ಲೋಟ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೇಗೂ ಬಾರದ ಪ್ರಿಂಟು, ಏನು ಬರೆದರೇನು? ದಪ್ಪ ದಪ್ಪ ಅಕ್ಷರದಲ್ಲಿ ಹೊಡೆದ:

'ಮಾನ್ಯ ಅಧ್ಯಕ್ಷರೇ, ನಿಮ್ಮ ಸಂಘಕ್ಕೆ ಕತ್ತೆಯ ಹಾಗೆ ದುಡಿದೆ. ಸಭೆಯಲ್ಲಿ ನಿಮಗೆ ಎಚ್ಚರವಾಗುವುದು ಬೋಂಡಾ ಬಂದಾಗ ಮಾತ್ರ. ನಮ್ಮ ಮ್ಯಾನೇಜರಿಗೆ ಕಂಪ್ಯೂಟರ್ ಎಂದರೆ ಇಸ್ಪೀಟು. ನಿಮ್ಮಂಥವರ ಕೈಯಲ್ಲಿ ಖಾಯಂ ಆಗುವುದಕ್ಕಿಂತ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವುದು ವಾಸಿ. ಇಂತಿ, ನಿರಂಜನ, ಭದ್ರಾವತಿ ಶಾಖೆ.'

ಪ್ರಿಂಟ್ ಒತ್ತಿದ. ಬರಲಿಲ್ಲ. ಸಿಟ್ಟಿಗೆ ಮತ್ತೆ ಮತ್ತೆ ಒತ್ತಿದ. ಮನಸ್ಸು ಹಗುರವಾಗಿ, ಕಾದಿದ್ದ ಗ್ರಾಹಕರನ್ನೆಲ್ಲ ಕಳಿಸಿ, ಮೂರು ಗಂಟೆಗೆ ಡಬ್ಬಿ ಬಿಚ್ಚಿ ಇನ್ನೇನು ತುತ್ತು ಬಾಯಿಗಿಡಬೇಕು, ಮ್ಯಾನೇಜರರ ಫೋನ್ ಬಂತು.

"ಏನೋ ಇದು? ಇಲ್ಲಿ ಮೀಟಿಂಗ್ ಹಾಲ್‌ನಲ್ಲಿರೋ ಪ್ರಿಂಟರ್‌ಗೆ ಈಗ ತಾನೇ ಕಾಗದ ಹಾಕಿದ್ರು. ಗಣೇಶಾಯ ನಮಃ ಬಂತು, ಲಲಿತಾ ಸಹಸ್ರನಾಮ ಬರ್ತಾನೇ ಇದೆ, ನಿಲ್ತಾನೇ ಇಲ್ಲ! ಇದರ ನಂಬರೂ ಒಂಬತ್ತಂತೆ!"

ಫೋನ್ ಕಟ್ಟಾಯಿತು. ಇಡೀ ಸಂಘದ ಕಂಪ್ಯೂಟರು, ಪ್ರಿಂಟರುಗಳಿಗೆಲ್ಲ ಒಂದೇ ನೆಟ್‌ವರ್ಕ್ ಲೈನು. ಒಂಬತ್ತನೇ ನಂಬರು ಮೊದಲಿನಿಂದ ಮುಖ್ಯ ಕಚೇರಿಯದು. ಸಹಸ್ರನಾಮದ ಬೆನ್ನಿಗೇ ಸಾಲಿನಲ್ಲಿ ನಿಂತಿರುವುದು ಯಾವುದೆಂದು ನೆನೆದು ನಿರಂಜನ ಕಂಪ್ಯೂಟರಿನ ಮುಂದೆ ಓಡಿದ. ರದ್ದು ಮಾಡಲು ನೋಡಿದ. ಎಲ್ಲವೂ ಆಗಲೇ ಆ ಪ್ರಿಂಟರಿನ ಹೊಟ್ಟೆ ಸೇರಿತ್ತು, ಸಾಲದ್ದಕ್ಕೆ ಎಕ್ಸ್‌ಪಿ ಪರದೆ ಗಪ್ಪನೆ ನೀಲಿಯಾಗಿ ಅಲ್ಲಾಡದೆ ನಿಂತಿತು.

ಡಬ್ಬಿ ಬಿಟ್ಟು ಬೈಕ್ ಹತ್ತಿದ. ಮಲವಗೊಪ್ಪದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತಿತ್ತು. ಅಲ್ಲಿ ಹೆಂಡತಿ ತನುಜಾಳ ಫೋನ್.

"ರೀ, ಆಯ್ತಾ ಮೀಟಿಂಗು? ಪಾಯಸಕ್ಕೆ ಇಡ್ಲಾ?"

"ಸ್ವಲ್ಪ ತಡಿ ಮಾರಾಯ್ತಿ!" ಎಂದು ಕಿರುಚಿ ಟ್ರ್ಯಾಕ್ಟರ್ ಪಕ್ಕದ ಮಣ್ಣಿನಲ್ಲಿ ಬೈಕ್ ಇಳಿಸಿದ.

ಮುಖ್ಯ ಕಚೇರಿ ಮುಟ್ಟುವ ಹೊತ್ತಿಗೆ ಸಭೆ ಮುಗಿದಿತ್ತು. ಮೆಟ್ಟಿಲ ಮೇಲೆ ಅಟೆಂಡರ್ ಮಾರಪ್ಪ ಬುಟ್ಟಿ ಹಿಡಿದು ಇಳಿಯುತ್ತಿದ್ದ. ಬುಟ್ಟಿಯ ತುಂಬ ಎಣ್ಣೆ ಹೀರಿ ಮುದುಡಿದ ಕಾಗದಗಳು. ಮೇಲಿನದರಲ್ಲಿ 'ಮಾನ್ಯ ಅಧ್ಯಕ್ಷರೇ' ಎಂಬುದು ಎಣ್ಣೆಯ ಕಲೆಯ ನಡುವಿನಿಂದ ಕಾಣುತ್ತಿತ್ತು.

"ತಟ್ಟೆ ಸಾಲ್ಲಿಲ್ಲ ನಿರಂಜನಪ್ಪ" ಎಂದ ಮಾರಪ್ಪ. "ಪುಣ್ಯಕ್ಕೆ ಪ್ರಿಂಟರ್‌ನಿಂದ ರಾಶಿ ಕಾಗದ ಬಂತು. ಹಿಂದಿನ ಮಗ್ಗುಲು ಖಾಲಿ ಇತ್ತು, ಅದರ ಮೇಲೇ ಬೋಂಡಾ ಹಂಚಿದೆ. ಅಧ್ಯಕ್ಷರು ಎರಡು ಸಲ ಹಾಕಿಸ್ಕೊಂಡ್ರು."

"ಯಾರೂ ಓದ್ಲಿಲ್ವಾ?"

"ಬಿಸಿ ಬೋಂಡಾ ಬಿಟ್ಟು ಕಾಗದ ಯಾರು ಓದ್ತಾರೆ?"

ನಿರಂಜನನಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಡುವಷ್ಟು ಸಮಾಧಾನವಾಯಿತು. ಬದುಕಿದೆ, ಕೆಲಸ ಉಳಿಯಿತು ಎಂದು ಕಂಡ ದೇವರಿಗೆಲ್ಲ ಕೈಮುಗಿದ. ಅಷ್ಟರಲ್ಲಿ ವಿಜಯೇಂದ್ರ ಹೆಗಲ ಮೇಲೆ ಶಾಲು ಹೊದ್ದು, ಹಾರ ಹಿಡಿದು ಇಳಿದು ಬಂದರು.

"ಬಂದ್ಯಾ? ನನಗೆ ಸನ್ಮಾನ ಮಾಡಿದ್ರು ಕಣೋ! ಭದ್ರಾವತೀಲಿ ಒತ್ತಿದ್ರೆ ಶಿವಮೊಗ್ಗದಲ್ಲಿ ಬರೋ ಹಾಗೆ ಮಾಡಿದೀನಿ ಅಂದೆ. ಅಧ್ಯಕ್ಷರು ಬೆರಗಾಗಿಬಿಟ್ರು."

"ಸಾರ್, ನನ್ನ ಖಾಯಂ?"

"ಹ್ಞಾ, ಅದೇ. ಇಲ್ಲಿಂದ್ಲೇ ಎಲ್ಲಾ ಆಗೋದಾದ್ರೆ ಭದ್ರಾವತೀಲಿ ಆಪರೇಟರ್ ಯಾಕೆ ಅಂದ್ರು ಅಧ್ಯಕ್ಷರು. ಹುದ್ದೆ ಇಲ್ಲಿಗೇ ತಗೊಂಡ್ರು. ಅವರ ತಮ್ಮನ ಮಗಳು ಅಕ್ಷರಾ ಖಾಯಂ ಆದ್ಲು. ಪಾಪ, ಹುಡುಗಿಗೆ ಇನ್ನೂ ಏನೂ ಬರಲ್ಲ. ನೀನು ನಾಳೆಯಿಂದ ಬಂದು ಹೇಳ್ಕೊಡು. ತಿಂಗಳ ಕೊನೆಗೆ ನಿನ್ನ ಗುತ್ತಿಗೆ ಹೇಗೂ ಮುಗಿಯುತ್ತಲ್ಲ."

ಯಾರಾದರೊಬ್ಬರು ಆ ಪತ್ರ ಓದಿಯಾದರೂ ನಿರಂಜನನನ್ನು ಕೆಲಸದಿಂದ ತೆಗೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕಾರಿನ ಹತ್ತಿರ ಹೋಗಿ ವಿಜಯೇಂದ್ರ ತಿರುಗಿದರು. "ಅಂದ ಹಾಗೆ, ಕೊನೆಗೆ ದಪ್ಪ ಅಕ್ಷರದಲ್ಲಿ ಏನೋ ಬಂತಲ್ಲ, ಏನದು?"

ಇನ್ನು ಕಳೆದುಕೊಳ್ಳುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ. ಬರೆದದ್ದು ಅಷ್ಟೂ ಬಾಯಿಪಾಠವಿತ್ತು. ಗಂಟಲವರೆಗೂ ಬಂತು.

"ಏನಿಲ್ಲ ಸಾರ್, ಟೆಸ್ಟ್ ಪೇಜು" ಎಂದು ನಿರಂಜನ ಅವರ ಕಾರಿನ ಬಾಗಿಲು ತೆಗೆದು ಹಿಡಿದ.