ಸಂಡಿಗೆಯ ಮೇಲಿನ ಬೂದಿ

ಒಳ್ಳೆಯ ಕೆಲಸ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮಾಡಿದ್ದನ್ನು ನಾಲ್ಕು ಜನ ನಂಬುವ ಹಾಗೆ ಹೇಳುವುದಿದೆಯಲ್ಲ, ಅದು ಬಲು ಕಷ್ಟ. ಆ ಕಷ್ಟಕ್ಕೇ ನನಗೆ ಸಂಬಳ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿದ್ದೇನೆ. ನಮ್ಮ ಕಂಪನಿಗೆ ಗಾಳಿ, ನೀರು, ನೆಲದ ಮೇಲೆ ಎಷ್ಟು ಕಾಳಜಿ ಎಂಬುದನ್ನು ಪುಸ್ತಿಕೆಯಾಗಿ ಬರೆಯುವುದು ನನ್ನ ಕೆಲಸ. ಬಳ್ಳಾರಿಯಲ್ಲಿ ನುಣುಪಾದ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಅಕ್ಕಿ ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು, ಗಿರಣಿಯ ಸುತ್ತಲಿನ ಓಣಿಯವರು ಎಲ್ಲರೂ ನಮ್ಮ ಸ್ಟೇಕ್‌ಹೋಲ್ಡರುಗಳಂತೆ. ಇದಕ್ಕೆ ಕನ್ನಡದಲ್ಲಿ ಏನೆನ್ನುವುದೆಂದು ತಲೆ ಕೆರೆದುಕೊಂಡು ಕೊನೆಗೆ 'ಹಿತೈಷಿಗಳು' ಎಂದು ಬರೆದೆ. ಮೊದಲ ಪ್ರತಿ ಓದಿದ ನನ್ನ ಹೆಂಡತಿ ಸುಮಂಗಲಾ, ಮದುವೆ ಪತ್ರಿಕೆ ಇದ್ದ ಹಾಗಿದೆ, ಊಟದ ಹೊತ್ತು ಹಾಕುವುದನ್ನು ಮರೆತಿದ್ದೀರಿ ಎಂದಳು.

ನಮ್ಮ ಮನೆ ಇರುವುದು ಗಿರಣಿಯ ಹಿಂದಿನ ಓಣಿಯಲ್ಲೇ. ಭತ್ತ ಬೇಯಿಸಲು ಗಿರಣಿಯಲ್ಲಿ ಭತ್ತದ ಹೊಟ್ಟನ್ನೇ ಉರಿಸುತ್ತಾರೆ. ನನ್ನ ಪುಸ್ತಿಕೆಯಲ್ಲಿ ಅದು 'ಹಸಿರು ಇಂಧನ'. ಓಣಿಯ ಮಾಳಿಗೆಗಳ ಮೇಲೆ ಅದು ಕರಿ ಬೂದಿ. ಈ ವರ್ಷ ಗಿರಣಿಯ ಮಾಲೀಕರಾದ ಸಾಹುಕಾರರು ನಿಜವಾಗಿಯೂ ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಕೂಡಿಸಿದರು. ಬೂದಿಯೂ ನಿಜವಾಗಿಯೇ ಕಡಿಮೆಯಾಯಿತು. ಆದರೆ ಅದನ್ನು ಹೇಳಲು ನನ್ನ ಹತ್ತಿರ ಮಾತೇ ಉಳಿದಿರಲಿಲ್ಲ. 'ನಿರ್ಮಲ ಆಕಾಶ', 'ಬೂದಿಮುಕ್ತ ನಾಳೆ' ಎಂಬ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ಬೂದಿ ಬೀಳುತ್ತಿದ್ದಾಗಲೇ ಖರ್ಚು ಮಾಡಿ ಕೂತಿದ್ದೆವು. ಬೇರೆ ದಾರಿ ಕಾಣದೆ ಅವನ್ನೇ ಮತ್ತೆ ಅಚ್ಚು ಹಾಕಿಸಿ, ನನ್ನ ಫೋಟೋ ಸಮೇತ ಮನೆಮನೆಗೆ ಹಂಚಿದೆ.

ಅಲ್ಲಿಂದ ಶುರುವಾಯಿತು ನೋಡಿ. ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರು ಮುಯ್ಯಿಯ ಮೇಲೆ ಸಂಡಿಗೆ ಹಾಕುತ್ತಾರೆ. ಇವತ್ತು ಎಲ್ಲರೂ ಸೇರಿ ಒಬ್ಬರ ಮನೆಯದು, ನಾಳೆ ಇನ್ನೊಬ್ಬರ ಮನೆಯದು. ಈ ಸಲ ಬೂದಿಗೆ ಹೆದರಿ ಎಲ್ಲರೂ ಸಂಡಿಗೆಯ ಮೇಲೆ ಹಳೆ ಸೀರೆ ಹೊದಿಸಿ ಒಣಗಿಸುತ್ತಿದ್ದರು. ಸುಮಂಗಲಾಳನ್ನು ಮಾತ್ರ ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಹುಸೇನಬಿಯ ಸಂಡಿಗೆಯೆಲ್ಲ ಹೋದ ಬೇಸಿಗೆಯಲ್ಲಿ ಬೂದಿ ಬಿದ್ದು ಹಾಳಾಗಿತ್ತು. ಅಂಥವಳ ಕೈಗೇ ನಾನು 'ನಿರ್ಮಲ ಆಕಾಶ'ದ ಪುಸ್ತಿಕೆ ಕೊಟ್ಟು ಬಂದಿದ್ದೆ. ಯಾರೂ ಜಗಳವಾಡಲಿಲ್ಲ, ಸುಮ್ಮನೆ ದೂರವಾದರು. ಕುರುಗೋಡಿನಿಂದ ಮದುವೆಯಾಗಿ ಬಂದ ಸುಮಂಗಲಾ ಈ ಊರನ್ನು ತನ್ನದು ಮಾಡಿಕೊಂಡಿದ್ದೇ ಈ ಹೆಂಗಸರ ನಡುವೆ ಕೂತು. ಪಕ್ಕದ ಮಾಳಿಗೆಯಲ್ಲಿ ನಗು ಕೇಳಿದಾಗಲೆಲ್ಲ ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ. ಓಣಿಯವರಿಗಾಗಿಯೇ ಬೇರೊಂದು ಕರಪತ್ರ ಬರೆಯಲೇ ಎಂದು ಕೇಳಿದೆ.

"ನೀವು ಇನ್ನೊಂದು ಕಾಗದ ಬರದ್ರ, ನಾನು ಕುರುಗೋಡಿಗೆ ಹೋಗಿಬಿಡ್ತೀನಿ" ಎಂದಳು.

ಮರುದಿನ ಅವಳು ಒಬ್ಬಳೇ ಹಿಟ್ಟು ಕುದಿಸಿದಳು. ತಿರುವಿಕೊಡಲು ಹೋದ ನನ್ನಿಂದ ಅದು ಗಂಟುಗಂಟಾಯಿತು. ಮದುವೆ ಮುಂಜಿಗೆಂದು ಮಡಿಸಿಟ್ಟಿದ್ದ ನನ್ನ ಬಿಳಿ ಧೋತರವನ್ನು ಮಾಳಿಗೆಯ ನಟ್ಟನಡುವೆ, ಓಣಿಗೆಲ್ಲ ಕಾಣುವಂತೆ ಹಾಸಿ, ಮೇಲೆ ಏನೂ ಹೊದಿಸದೆ ಸಂಡಿಗೆ ಹಾಕಿದಳು. ಸಂಜೆಗೆ ಹುಸೇನಬಿ ತನ್ನ ಮಾಳಿಗೆಯಿಂದ ಇಣುಕಿದಳು, ಆಮೇಲೆ ತಡೆಯಲಾಗದೆ ನಮ್ಮ ಮೆಟ್ಟಿಲು ಹತ್ತಿಯೇ ಬಂದಳು. ಬೂದಿ ಬಿದ್ದಿಲ್ಲವೇ ಎಂದು ಕೇಳಿದಳು. 'ನಮ್ಮ ನೂತನ ತಂತ್ರಜ್ಞಾನದಿಂದಾಗಿ' ಎಂಬುದು ನನ್ನ ನಾಲಿಗೆಯ ತುದಿಗೇ ಬಂದಿತ್ತು.

"ಬಿದ್ದೈತಿ" ಎಂದಳು ಸುಮಂಗಲಾ. "ಈ ಮೂಲ್ಯಾಗ ನೋಡು, ಒಂದೀಟು. ಹ್ವಾದ ವರ್ಷದಷ್ಟು ಇಲ್ಲ."

ಹುಸೇನಬಿ ಬಗ್ಗಿ ಧೋತರದ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಂಡಳು. ಅರ್ಧ ಒಣಗಿದ ಸಂಡಿಗೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು.

"ಉಪ್ಪು ಜಾಸ್ತಿ ಆಗೈತಿ. ಒಬ್ಬಾಕಿನ ಮಾಡಿದ್ರ ಹಂಗ ಆಗತೈತಿ. ನಾಳೆ ನಮ್ಮನಿಗೆ ಬಾ, ಸುಮಕ್ಕ."

ಸುಮಂಗಲಾಳ ಕಣ್ಣು ತುಂಬಿದವು. ನನ್ನವೂ. ಹೊಗೆಯಿಂದ ಎನ್ನೋಣವೆಂದರೆ ಕಂಪನಿಯ ಮರ್ಯಾದೆಯ ಪ್ರಶ್ನೆ, ಸುಮ್ಮನೆ ಒರೆಸಿಕೊಂಡೆ.

ಮುಂದಿನ ಪುಸ್ತಿಕೆಗೆ ಧೈರ್ಯ ಮಾಡಿ, 'ಬೂದಿ ಕಡಿಮೆಯಾಗಿದೆ. ಸ್ವಲ್ಪ ಇನ್ನೂ ಬೀಳುತ್ತದೆ' ಎಂದು ಬರೆದೆ. ಸಾಹುಕಾರರು ಅದನ್ನು ಓದಿ, ಹೀಗೆ ಬರೆದರೆ ನಮ್ಮದು ಕಂಪನಿ ಎಂದು ಯಾರಾದರೂ ನಂಬುತ್ತಾರೆಯೇ ಎಂದು ಚಿಂತೆಗೆ ಬಿದ್ದರು. ಕೊನೆಗೆ, ಇರಲಿ, ಅಕ್ಷರ ಮಾತ್ರ ಸಣ್ಣದಾಗಲಿ ಎಂದರು.

ಮುಯ್ಯಿ ತಿರುಗಿ ನಮ್ಮ ಮನೆಗೂ ಬಂತು. ಹೆಂಗಸರೆಲ್ಲ ಕೆಳಗೆ ಹಿಟ್ಟಿನ ಸುತ್ತ ಕೂತಿದ್ದರು. ಕೋಲು ಹಿಡಿದು ಮಾಳಿಗೆಯ ಮೇಲೆ ಕಾಗೆ ಕಾಯುವ ಹುದ್ದೆ ನನಗೆ ಸಿಕ್ಕಿತ್ತು. ಮೊದಲು ಹಾಕಿದವು ಹೇಗೆ ಒಣಗಿವೆ ಎಂದು ಹುಸೇನಬಿ ಕೆಳಗಿನಿಂದ ಕೂಗಿ ಕೇಳಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುಮಂಗಲಾಳ ದನಿ ಕೇಳಿತು.

"ಅವರನ್ನ ಕೇಳಬ್ಯಾಡ. ಅವರಿಗೆ ಎಲ್ಲಾ ಛಂದನ ಕಾಣತೈತಿ. ನಾನ ಹೋಗಿ ನೋಡ್ತೀನಿ."

ಕೆಳಗೆ ನಗುವೋ ನಗು. ಕೆನ್ನೆಗೆಲ್ಲ ಹಿಟ್ಟು ಮೆತ್ತಿಕೊಂಡು ಅವಳು ಮೆಟ್ಟಿಲು ಹತ್ತಿ ಬಂದಳು. ನನಗೇನೂ ಬೇಜಾರಾಗಲಿಲ್ಲ. ಅವಳು ಛಂದ ಇದ್ದಾಳೆಂದು ಮದುವೆಯಾದಾಗಿನಿಂದ ವರದಿ ಕೊಡುತ್ತಲೇ ಇದ್ದೇನೆ. ಅದನ್ನೂ ಅವಳು ಇವತ್ತಿನವರೆಗೆ ನಂಬಿಲ್ಲ.